ಬಾಗಿಲಿಗೆ ಸರಿಸಿದ ಇಟ್ಟಿಗೆ

ದೊಡ್ಡ ಬೆಡ್‌ಶೀಟನ್ನು ಒಬ್ಬರೇ ಮಡಿಸಲು ಆಗುವುದಿಲ್ಲ. ಹಟಕ್ಕೆ ಬಿದ್ದು ಮಡಿಸಿದರೂ ಅದು ಮಡಿಕೆಯಾಗುವುದಿಲ್ಲ, ಮುದ್ದೆಯಾಗುತ್ತದೆ. ಆ ತುದಿ ಒಬ್ಬರು, ಈ ತುದಿ ಒಬ್ಬರು ಹಿಡಿದು, ಒಮ್ಮೆ ಕೊಡವಿ, ಉದ್ದಕ್ಕೆ ಮಡಚಿ, ಆಮೇಲೆ ಒಬ್ಬರತ್ತ ಒಬ್ಬರು ನಡೆದು ಬಂದು ಅಂಚಿಗೆ ಅಂಚು ಕೂಡಿಸಬೇಕು. ದಿನಕ್ಕೆ ನಾನೂರು ಸಲ ಹೀಗೆ ಎದುರುಬದುರಾಗುವವರು ಮಾತಾಡದೆ ಇರಲಾರರು. ಮಾತಾಡಿದ ಮೇಲೆ ಜಗಳ ತಪ್ಪಿದ್ದಲ್ಲ. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಇಬ್ಬರು ಗಂಡಸರು ಮೂರು ವರ್ಷ ಜಗಳವಾಡಿದ್ದು ಒಂದು ಸಿನಿಮಾದ ಬಗ್ಗೆ. ಅದರಲ್ಲೂ ಆ ಸಿನಿಮಾದ ಕೊನೆಯಲ್ಲಿ ಬರುವ ಒಂದು ಇಟ್ಟಿಗೆಯ ಬಗ್ಗೆ.

ಇಬ್ಬರಲ್ಲಿ ಒಬ್ಬ ಬಾಯ್ಲರಿನವನು. ಬೆಳಿಗ್ಗೆ ಹಬೆ ಏರಿಸಿಬಿಟ್ಟರೆ ಅವನಿಗೆ ಕೈ ಖಾಲಿ, ಬಂದು ಶೀಟಿನ ಒಂದು ತುದಿ ಹಿಡಿಯುತ್ತಿದ್ದ. ಇನ್ನೊಬ್ಬ ಈಗ ಇಲ್ಲ. ಐದು ತಿಂಗಳ ಹಿಂದೆ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ಮಡಿಸುವ ಮೇಜಿನ ಮೇಲೆ ಕೈಯೂರಿ ನಿಂತವನು ಹಾಗೇ ಕುಸಿದ. ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು. ಮೂರು ವಾರ ಕಳೆದ ಮೇಲೆ ಯಜಮಾನರು ಅವನ ಜಾಗಕ್ಕೆ ಅವನ ಹೆಂಡತಿಯನ್ನೇ ಕರೆದರು. ಬಾಯ್ಲರಿನವನಿಗೆ ಸತ್ತವನು ಅಣ್ಣ, ಹಾಗಾಗಿ ಅವಳು ಅತ್ತಿಗೆ. ವಾರ ತುಂಬುವುದರೊಳಗೆ ಅವಳು ಎಲ್ಲರಿಗೂ ಅತ್ತಿಗೆಯಾದಳು, ಬಾಯಿತಪ್ಪಿ ಒಮ್ಮೆ ಯಜಮಾನರಿಗೂ.

ಸಿನಿಮಾ ಹಾರುವ ಶೂರನದು. ಶೂರ ಸಿಡಿಲುಗೈ, ಅವನ ಅಂಗೈಯಿಂದ ಸಿಡಿಲು ಹೊರಡುತ್ತದೆ. ಖಳ ಹಿಮಗಣ್ಣ, ಅವನು ದಿಟ್ಟಿಸಿದ್ದೆಲ್ಲ ಮಂಜುಗಡ್ಡೆ. ಮೊದಲ ಭಾಗದ ಕೊನೆಯಲ್ಲಿ ನೆಲಮಾಳಿಗೆಗೆ ನೀರು ನುಗ್ಗುತ್ತದೆ, ಸಿಡಿಲುಗೈ ಪ್ರಜ್ಞೆ ತಪ್ಪಿ ಒಳಗೆ ಬಿದ್ದಿರುತ್ತಾನೆ. ಹಿಮಗಣ್ಣ ಕಬ್ಬಿಣದ ಬಾಗಿಲು ದಾಟಿ ಹೊರಗೆ ಬರುತ್ತಾನೆ. ಅದನ್ನು ಎಳೆದುಕೊಂಡರೆ ಶೂರನ ಕಥೆ ಅಲ್ಲಿಗೆ ಮುಗಿಯಿತು. ಆದರೆ ಸಂದಿಯಲ್ಲಿ ಒಂದು ಇಟ್ಟಿಗೆ ಸಿಕ್ಕಿಕೊಂಡು ಬಾಗಿಲು ಗೇಣಷ್ಟು ತೆರೆದೇ ಉಳಿಯುತ್ತದೆ, ಶೂರ ಬದುಕಿಕೊಳ್ಳುತ್ತಾನೆ. ಇಟ್ಟಿಗೆ ಅಲ್ಲಿಗೆ ಹೇಗೆ ಬಂತು? ಕತ್ತಲಲ್ಲಿ ಅರೆಕ್ಷಣದ ದೃಶ್ಯ, ಸರಿಯಾಗಿ ಕಾಣುವುದಿಲ್ಲ. ಗೋಡೆಯಿಂದ ಉದುರಿತು ಎಂದು ಬಾಯ್ಲರಿನವನು. ಖಳ ಖಳನೇ, ನಾಯಿಬಾಲ ಯಾವತ್ತಿದ್ದರೂ ಡೊಂಕೇ ಎಂದು ಅವನ ವಾದ. ಇಲ್ಲ, ಹಿಮಗಣ್ಣನೇ ಕಾಲಿನಿಂದ ಸರಿಸಿದ, ಅವನೊಳಗೆ ಇನ್ನೂ ಮನುಷ್ಯ ಸತ್ತಿಲ್ಲ ಎಂದು ಅತ್ತಿಗೆಯ ಗಂಡ. ಹಾಗಾದರೆ ಯಾಕೆ ಸರಿಸಿದ, ಅರ್ಧ ಊರನ್ನು ಕೊಂದವನು, ಎಂದರೆ ಮಾತ್ರ ಅವನ ಹತ್ತಿರ ಉತ್ತರವಿರಲಿಲ್ಲ. ಆದರೂ ಬಿಡುತ್ತಿರಲಿಲ್ಲ. ಇಬ್ಬರೂ ಹಿಡಿದ ಮೊಲಕ್ಕೆ ಮೂರೇ ಕಾಲು.

ಇವರ ಜಗಳಕ್ಕೆ ನ್ಯಾಯಾಧೀಶ ವ್ಯಾನ್ ಓಡಿಸುವವನು. ಆ ಸಿನಿಮಾಕ್ಕೆ ಮೂಲವಾದ ಚಿತ್ರಪುಸ್ತಕಗಳನ್ನೆಲ್ಲ ಓದಿ, ಯಾರ ಅಪ್ಪ ಯಾರು, ಯಾರ ಶಾಪ ಯಾರಿಗೆ ಎಂದು ಬಾಯಿಪಾಠ ಒಪ್ಪಿಸುತ್ತಿದ್ದುದರಿಂದ ಅವನಿಗೆ ಪುರಾಣ ಎಂದೇ ಅಡ್ಡಹೆಸರು. ಹಿಮಗಣ್ಣ ಖಳನಾಗುವ ಮೊದಲು ಐಸ್ ಫ್ಯಾಕ್ಟರಿಯಲ್ಲಿ ಹದಿನೈದು ವರ್ಷ ಮಂಜುಗಡ್ಡೆ ಹೊತ್ತವನು ಎಂಬುದು, ಸಿನಿಮಾದಲ್ಲಿ ಒಂದೇ ನಿಮಿಷ ಬರುವ ಸಂಗತಿ, ಅವನಿಂದಲೇ ಎಲ್ಲರಿಗೂ ನೆನಪಿದ್ದದ್ದು. ಹರಿದ ಶೀಟುಗಳನ್ನು ಹೊಲಿಯುವ ರಫೂ ಅಕ್ಕ ನಾಲ್ಕನೆಯವಳು. ಅವಳು ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟವಳು. ಬೆಳಿಗ್ಗೆ ಇವನದು ಸರಿ, ಸಂಜೆ ಅವನದು ಸರಿ. ಪುರಾಣ ಒಂದು ನಿಯಮ ಮಾಡಿದ್ದ. ಹಿಡಿದ ಪಕ್ಷವನ್ನು ಎರಡನೆಯ ಭಾಗ ಬರುವವರೆಗೆ ಯಾರೂ ಬಿಡುವ ಹಾಗಿಲ್ಲ. ಬಂದ ಮೇಲೆ, ಸೋತವನು ಮಾಸಿದ ಬಟ್ಟೆಯ ಗಂಟಿನ ಮೇಲೆ ಹತ್ತಿ ನಿಂತು, ಎಲ್ಲರಿಗೂ ಕೇಳಿಸುವಂತೆ ಮೂರು ಸಲ 'ನಾನು ಸೋತೆ' ಎನ್ನಬೇಕು.

ಗಂಡ ಬದುಕಿದ್ದಾಗ ಅತ್ತಿಗೆಗೆ ಈ ಇಟ್ಟಿಗೆಯ ಹೆಸರೆತ್ತಿದರೆ ಮೈ ಉರಿಯುತ್ತಿತ್ತು. ಮೊದಲ ಭಾಗಕ್ಕೆ ಅವಳನ್ನೂ ಕರೆದುಕೊಂಡು ಹೋಗಿದ್ದ, ಅವಳು ಅರ್ಧಕ್ಕೇ ನಿದ್ದೆ ಹೋಗಿದ್ದಳು. ನಲವತ್ತೆಂಟು ವರ್ಷದ ಗಂಡಸು, ಮನೆಗೆ ಬಂದು ಊಟಕ್ಕೆ ಕೂತರೂ ಹಿಮಗಣ್ಣ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ, ಲೋಕವೆಲ್ಲ ಶೂರನ ಕಡೆ ಇದ್ದರೆ ನಿಮಗೆ ಆ ಪಾಪಿಯೇ ಬೇಕು ಎಂದು ಅವಳು ರೇಗುತ್ತಿದ್ದಳು. ರೇಗಲು ಬೇರೆ ಕಾರಣಗಳೂ ಇದ್ದವು. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಹಾಕುವುದು. ಕಂಡ ಬಾಗಿಲಿಗೆಲ್ಲ ಚಪ್ಪಲಿ ಸಿಕ್ಕಿಸಿ ತೆರೆದಿಟ್ಟು ಹೋಗುವುದು. ಬಚ್ಚಲಿಗೊಂದು, ಅಡುಗೆಮನೆಗೊಂದು, ತನ್ನ ಚಪ್ಪಲಿ ಸಾಲದೆ ಅವಳದ್ದೂ.

ಆ ಕೊನೆಯ ದಿನ ಬೆಳಿಗ್ಗೆ ಅವಳು ನಲ್ಲಿಯ ಕೆಳಗೆ ಒಂದಾದ ಮೇಲೊಂದು ಪಾತ್ರೆ ಇಡುತ್ತಿದ್ದಳು. ಏಳೂವರೆಗೆ ನೀರು ನಿಲ್ಲುತ್ತದೆ, ಆಗಲೇ ಏಳೂಕಾಲು. ಗಂಡ ಎರಡೂ ಕೈಯಲ್ಲಿ ತುಂಬಿದ ಬಕೆಟ್ ಹಿಡಿದು ಬಚ್ಚಲಿನಿಂದ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ತನ್ನಷ್ಟಕ್ಕೆ ತಾನೇ ನಗತೊಡಗಿದ.

"ಗೊತ್ತಾಯ್ತು ಕಣೇ," ಎಂದ. "ಅವನು ಇಟ್ಟಿಗೆ ಯಾಕೆ ಸರಿಸಿದ ಅಂತ ಗೊತ್ತಾಯ್ತು. ಎಷ್ಟು ಸಣ್ಣ ವಿಷಯ ಅಂತೀಯ."

"ಸಂಜೆ ಹೇಳಿ. ನೀರು ನಿಂತ್ಹೋಗುತ್ತೆ," ಎಂದಳು ಅವಳು, ತಲೆ ಎತ್ತದೆ.

ಸಂಜೆ ಎನ್ನುವುದು ಬರಲಿಲ್ಲ. ಲಾಂಡ್ರಿಯಲ್ಲೂ ಅವನು ಯಾರಿಗೂ ಹೇಳಿರಲಿಲ್ಲ. ಆ ದಿನ ಬಾಯ್ಲರ್ ತಪಾಸಣೆಗೆ ಅಧಿಕಾರಿ ಬಂದಿದ್ದರು, ಬಾಯ್ಲರಿನವನು ಮಧ್ಯಾಹ್ನದವರೆಗೆ ಅತ್ತ ಸಿಕ್ಕಿಬಿದ್ದಿದ್ದ. ಅವನು ಬರಲಿ, ಎಲ್ಲರ ಮುಂದೆ ಹೇಳ್ತೀನಿ, ಇವತ್ತು ಅವನನ್ನ ಗಂಟು ಹತ್ತಿಸ್ತೀನಿ ಎಂದು ಪುರಾಣನಿಗೆ ಹೇಳಿ, ಗಂಡ ಬೆಳಗಿನಿಂದ ಹುಸಿನಗುತ್ತ ಓಡಾಡಿದ್ದನಂತೆ. ಬಾಯ್ಲರಿನವನು ಕೈ ಒರೆಸಿಕೊಂಡು ಬರುವ ಹೊತ್ತಿಗೆ ಅಣ್ಣ ನೆಲದ ಮೇಲಿದ್ದ.

ಅತ್ತಿಗೆ ಅಳಲಿಲ್ಲ. ಹೆಣದ ಮುಂದೆಯೂ ಅಳಲಿಲ್ಲ, ಆಮೇಲೂ ಇಲ್ಲ. ಓರಗಿತ್ತಿ ಅವಳನ್ನು ಕಲ್ಲು ಎಂದಳು. ಎದುರಿಗಲ್ಲ, ಆದರೆ ಕೇಳಿಸುವಷ್ಟು ಹತ್ತಿರದಲ್ಲಿ. ಅದಕ್ಕೂ ಅವಳಿಗೆ ಏನೂ ಅನ್ನಿಸಲಿಲ್ಲ. ಮನೆಗೆ ಬಂದು ಬಾಗಿಲುಗಳಿಗೆ ಸಿಕ್ಕಿಸಿದ್ದ ಚಪ್ಪಲಿಗಳನ್ನೆಲ್ಲ ತೆಗೆದು ಜೋಡಿಸಿಟ್ಟಳು. ಹಸಿವಾದರೆ ಉಂಡಳು, ಕತ್ತಲಾದರೆ ಮಲಗಿದಳು. ಲಾಂಡ್ರಿ ಸೇರಿದ ಎರಡನೆಯ ವಾರ ಇಸ್ತ್ರಿಯಂತ್ರದ ಉರುಳೆಗೆ ಅವಳ ಮುಂಗೈ ತಗುಲಿ ಸುಟ್ಟಿತು. ವಾಸನೆ ಬಂದು ರಫೂ ಅಕ್ಕ ಓಡಿಬಂದು ಎಳೆದಳು. ಅತ್ತಿಗೆ ಕೈಯನ್ನು ಬೇರೆ ಯಾರದ್ದೋ ಎಂಬಂತೆ ನೋಡುತ್ತಿದ್ದಳು. ಉರಿಯುತ್ತಿಲ್ಲವಾ ಎಂದು ಕೇಳಿದರೆ ಉರಿಯುತ್ತಿರಬೇಕು ಎಂದಳು.

ಅವಳಲ್ಲಿ ಉಳಿದಿದ್ದ ಬೇಕು ಒಂದೇ. ಆ ಬೆಳಿಗ್ಗೆ ಅವನು ಏನು ಹೇಳಲು ಬಂದಿದ್ದ ಎಂದು ತಿಳಿಯಬೇಕು. ದುಃಖವಾದರೂ ಕೊನೆಗೆ ಒಂದು ಕಡೆ ಬಂದು ಕೂರುತ್ತದೆ, ಇದು ಕೂರುತ್ತಿರಲಿಲ್ಲ. ಅವಳು ಕೆಲಸಕ್ಕೆ ಒಪ್ಪಿದ್ದೂ ನಿಜ ಹೇಳಬೇಕೆಂದರೆ ಅದಕ್ಕೇ: ಅಲ್ಲಿ ಆ ಸಿನಿಮಾದ ಮಾತು ನಡೆಯುತ್ತದೆ, ಕೇಳುತ್ತಿದ್ದರೆ ಎಂದಾದರೂ ಉತ್ತರ ಕಿವಿಗೆ ಬಿದ್ದೀತು.

ಆದರೆ ಅವಳು ಬಂದ ದಿನದಿಂದ ಲಾಂಡ್ರಿಯ ಬಾಯಿಗೆ ಬೀಗ ಬಿದ್ದಿತ್ತು. ಎದುರಿಗೆ ಅಣ್ಣನ ಹೆಂಡತಿ, ಅವಳ ಕೈಯಲ್ಲಿ ಅಣ್ಣ ಹಿಡಿಯುತ್ತಿದ್ದ ತುದಿ. ಬಾಯ್ಲರಿನವನು ಸಿನಿಮಾ ಹೋಗಲಿ, ಬಿಸಿಲು ಜಾಸ್ತಿ ಎನ್ನಲೂ ಹೆದರುತ್ತಿದ್ದ. ಕೆಲಸ ಕಲಿಸಲು ಎಷ್ಟು ಬೇಕೋ ಅಷ್ಟು ಮಾತು. ಅದರಲ್ಲಿ ಅತಿ ಉದ್ದದ ಮಾತು ಒಣಕೋಣೆಯದು. ಕಂಬಳಿಗಳನ್ನು ತೂಗುಹಾಕುವ ಕಾದ ಕೋಣೆ; ಬಿಟ್ಟರೆ ತಾನೇ ಮುಚ್ಚಿಕೊಳ್ಳುವ ಕಬ್ಬಿಣದ ಬಾಗಿಲು, ಚಿಲಕ ಹೊರಗಡೆ ಮಾತ್ರ. ಯಾರಾದರೂ ಒಳಗಿರುವಾಗ ಬಾಗಿಲು ಮುಚ್ಚಿಕೊಂಡರೆ ಕಾಲು ಗಂಟೆಯಲ್ಲಿ ಬೆಂದುಹೋಗುತ್ತಾರೆ. ಅದಕ್ಕೇ ಅಲ್ಲೊಂದು ಮರದ ಬೆಣೆ. ಒಳಗೆ ಹೋಗುವಾಗ ಬೆಣೆ ತಳ್ಳಬೇಕು, ಒಳಗೆ ಇನ್ನೊಬ್ಬರು ಇರಬಹುದೆಂದು ಹೊರಗೆ ಬರುವಾಗಲೂ ತಳ್ಳಬೇಕು, ಮುಚ್ಚಲೇಬೇಕಾದಾಗ ಮೂರು ಸಲ ಕೂಗಿ ಕೇಳಬೇಕು. ಬೆಣೆಯ ಒಂದು ಮಗ್ಗುಲು ಸವೆದು ಗುಳಿಬಿದ್ದಿತ್ತು. ಹದಿನೇಳು ವರ್ಷ ಅಣ್ಣನ ಬೂಟು ಒದ್ದ ಜಾಗ ಎಂದ ಬಾಯ್ಲರಿನವನು. ಹೇಳಬಾರದಿತ್ತೇನೋ ಎಂದು ತಕ್ಷಣ ಬಾಯಿ ಮುಚ್ಚಿಕೊಂಡ. ಅತ್ತಿಗೆ ಸುಮ್ಮನೆ ತಲೆಯಾಡಿಸಿದಳು.

ಎರಡು ತಿಂಗಳು ಕಾದು, ಒಂದು ದಿನ ಶೀಟಿನ ಅಂಚು ಕೂಡಿಸಲು ಹತ್ತಿರ ಬಂದಾಗ ಅವಳೇ ಕೇಳಿದಳು.

"ಆ ಹಿಮಗಣ್ಣ ಇಟ್ಟಿಗೆ ಯಾಕೆ ಸರಿಸಿದ?"

ಬಾಯ್ಲರಿನವನ ಕೈಯಿಂದ ಶೀಟು ಜಾರಿ ನೆಲಕ್ಕೆ ಬಿತ್ತು. ಇಸ್ತ್ರಿಯಾದ ಶೀಟು, ಮತ್ತೆ ಒಗೆಯಲು ಹಾಕಬೇಕಾಯಿತು. ಅವಳು ಕೊನೆಯ ಬೆಳಗಿನ ಮಾತನ್ನು ಹೇಳಿದಳು. ತನಗೆ ಬೇಕಾದದ್ದು ಸಮಾಧಾನವಲ್ಲ, ಆ ಉತ್ತರ ಎಂದಳು. ಮೊದಲಿನ ಹಾಗೆ ಜಗಳ ಮಾಡಿ, ನಾನು ಕೇಳುತ್ತಿರುತ್ತೇನೆ ಎಂದಳು.

ಹೇಳಿ ಮಾಡಿಸಿದ ಜಗಳ ಮೊದಮೊದಲು ಸಪ್ಪೆಯಾಗಿತ್ತು. ಆಮೇಲೆ ಕಾವೇರಿತು. ಸಾಲ ತೀರಿಸಿದ್ದು ಎಂದು ಪುರಾಣನ ಊಹೆ: ಹಿಂದೊಮ್ಮೆ ಸಿಡಿಲುಗೈಯ ಅಪ್ಪ ಹಿಮಗಣ್ಣನಿಗೆ ನೀರು ಕೊಟ್ಟಿದ್ದ, ಪುಸ್ತಕದ ಏಳನೆಯ ಸಂಚಿಕೆ ನೋಡಿ. ಎದುರಾಳಿಯೇ ಇಲ್ಲದಿದ್ದರೆ ಖಳನಿಗೆ ಹೊತ್ತು ಹೋಗುವುದು ಹೇಗೆ, ಅದಕ್ಕೇ ಉಳಿಸಿಕೊಂಡ ಎಂದು ರಫೂ ಅಕ್ಕ. ನಿಮ್ಮ ತಲೆ, ಗೋಡೆಯಿಂದ ಉದುರಿದ್ದು ಎಂದು ಬಾಯ್ಲರಿನವನು. ಅತ್ತಿಗೆ ಒಂದೊಂದನ್ನೂ ಗಂಡನ ಆ ನಗುವಿನ ಪಕ್ಕದಲ್ಲಿಟ್ಟು ನೋಡಿದಳು. ಯಾವುದೂ ಕೂರಲಿಲ್ಲ. ಎಲ್ಲವೂ ದೊಡ್ಡ ದೊಡ್ಡ ವಿಷಯಗಳು. ಅವನು ಸಣ್ಣದು ಎಂದಿದ್ದ. ರಜೆಯ ದಿನ ಮೊದಲ ಭಾಗವನ್ನು ಮೊಬೈಲಿನಲ್ಲಿ ಹಾಕಿಕೊಂಡು, ಈ ಸಲ ನಿದ್ದೆ ಹೋಗದೆ ಕೊನೆಯವರೆಗೆ ನೋಡಿದಳು. ಆ ಅಂಗೈಯಗಲದ ಪರದೆಯಲ್ಲಿ ಇಟ್ಟಿಗೆ ಕಾಣಲೇ ಇಲ್ಲ.

ಎರಡನೆಯ ಭಾಗ ಬಂತು. ರಫೂ ಅಕ್ಕ ಮೊದಲ ದಿನವೇ ಟಿಕೆಟ್ ತೆಗೆಸಿದಳು, ನಾಲ್ಕು. ಎಂದಿನಂತೆ ನಾಲ್ಕು. ತಪ್ಪು ತಿಳಿದದ್ದು ಹಂಚುವಾಗ. ಕೈಯಲ್ಲಿ ಒಂದು ಉಳಿಯಿತು. ರಫೂ ಅಕ್ಕ ಅದನ್ನು ಸೀರೆಯ ಸೆರಗಿನಲ್ಲಿ ಮುಚ್ಚಿಕೊಳ್ಳಲು ನೋಡಿದಳು, ಮೂವರೂ ನೆಲ ನೋಡಿದರು. ಅತ್ತಿಗೆ ಕೈ ಚಾಚಿದಳು. ಅವರ ಸೀಟಲ್ಲಿ ನಾನು ಕೂತ್ಕೋತೀನಿ ಎಂದಳು.

ರಜೆಯ ದಿನದ ಬೆಳಗಿನ ಆಟ. ಕಟ್ಟಡಗಳು ಬಿದ್ದವು, ಸೇತುವೆ ಹೆಪ್ಪುಗಟ್ಟಿತು, ಹಿಂದಿನ ಸಾಲಿನವರು ಶಿಳ್ಳೆ ಹೊಡೆದರು. ಅತ್ತಿಗೆ ಕಾಯುತ್ತ ಕೂತಳು. ಮುಕ್ಕಾಲು ಸಿನಿಮಾ ಮುಗಿದ ಮೇಲೆ ಸಿಡಿಲುಗೈಯೇ ಆ ಪ್ರಶ್ನೆ ಕೇಳಿದ: ಅವತ್ತು ನನ್ನನ್ನು ಯಾಕೆ ಉಳಿಸಿದೆ? ಹಿಮಗಣ್ಣ ಗಹಗಹಿಸಿ ನಕ್ಕ. ಉಳಿಸಿದ್ದಲ್ಲ, ಬಾಕಿ ಇಟ್ಟಿದ್ದು ಎಂದ. ನಿನ್ನ ಊರು ಮಂಜುಗಡ್ಡೆಯಾಗುವುದನ್ನು ನೀನು ಕಣ್ಣಾರೆ ನೋಡಲಿ ಎಂದು ಬಾಗಿಲು ತೆರೆದಿಟ್ಟೆ ಎಂದ. ಹಳೆಯ ದೃಶ್ಯವನ್ನು ಈ ಸಲ ಬೆಳಕಿನಲ್ಲಿ ಮತ್ತೆ ತೋರಿಸಿದರು. ಹಿಮಗಣ್ಣನ ಮುಖ ಮೆಟ್ಟಿಲ ಕಡೆಗೆ ತಿರುಗಿದೆ; ಅವನ ಎಡಗಾಲು ಮಾತ್ರ ಹಿಂದಕ್ಕೆ ಹೋಗಿ ಇಟ್ಟಿಗೆಯನ್ನು ಸಂದಿಗೆ ತಳ್ಳುತ್ತದೆ.

ಅಲ್ಲಿಗೆ ತೀರ್ಪಾಯಿತು. ಕಾಲಿನ ವಿಷಯದಲ್ಲಿ ಅಣ್ಣ ಸರಿ, ಮನುಷ್ಯತ್ವದ ವಿಷಯದಲ್ಲಿ ತಪ್ಪು. ಪಂಥ ಇದ್ದದ್ದು ಮನುಷ್ಯತ್ವದ ಮೇಲೆ. ಹೊರಗೆ ಬಂದು ನಾಲ್ವರೂ ಚಹಾ ಕುಡಿದರು. ಮೂರು ವರ್ಷ ಕಾದ ಗೆಲುವು ಕೈಗೆ ಬಂದಿದ್ದರೂ ಬಾಯ್ಲರಿನವನು ಲೋಟದೊಳಗೆ ನೋಡುತ್ತ ನಿಂತಿದ್ದ. ಇಷ್ಟೇನಾ, ಎಂದುಕೊಂಡಳು ಅತ್ತಿಗೆ. ಇದು ಸಣ್ಣದಲ್ಲ, ಇದಕ್ಕೆ ನಗು ಬರುವುದೂ ಇಲ್ಲ. ಹಾಗಾದರೆ ಅವರು ನಕ್ಕದ್ದು ಸುಳ್ಳು ಉತ್ತರಕ್ಕೆ. ಅದೂ ಅವಳಿಗೆ ಎಲ್ಲೋ ದೂರದ ಸುದ್ದಿಯಂತೆ ಕೇಳಿಸಿತು.

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಗಂಟಿನ ಮಾತು ಬಂತು. ಬಿಟ್ಟುಬಿಡೋಣ, ಸತ್ತವರ ಜೊತೆ ಎಂಥ ಪಂಥ ಎಂದ ಬಾಯ್ಲರಿನವನು. ಪುರಾಣನೂ ತನ್ನ ನಿಯಮವನ್ನು ನುಂಗಿಕೊಳ್ಳಲು ಸಿದ್ಧನಿದ್ದ. ಬೇಡ ಎಂದವಳು ಅತ್ತಿಗೆ. ಅವರು ಇದ್ದಿದ್ದರೆ ಹತ್ತುತ್ತಿದ್ದರು, ಅವರ ತುದಿ ಹಿಡಿದ ಮೇಲೆ ಇದನ್ನೂ ನಾನೇ ಹಿಡಿಯುತ್ತೇನೆ, ಮೊದಲು ಒಣಕೋಣೆಯ ಕಂಬಳಿಗಳನ್ನು ತಂದುಬಿಡುತ್ತೇನೆ ಎಂದು ಹೋದಳು.

ಕಂಬಳಿಗಳು ಒಣಗಿ ಗರಿಗರಿಯಾಗಿದ್ದವು. ಎಂಟನ್ನು ಎದೆಗವಚಿಕೊಂಡು, ಗಲ್ಲದಿಂದ ಮೇಲಿನದನ್ನು ಒತ್ತಿ ಹಿಡಿದು, ಮುಂದೆ ಏನೂ ಕಾಣದೆ ಹೊರಗೆ ಬಂದಳು. ನಾಲ್ಕು ಹೆಜ್ಜೆ ಹಾಕಿ ನಿಂತಳು. ಹಿಂದೆ ಬಾಗಿಲು ಮುಚ್ಚಿದ ಸದ್ದು ಬರಲಿಲ್ಲ. ತಿರುಗಿ ನೋಡಿದಳು. ಬೆಣೆ ಸಂದಿಯಲ್ಲಿತ್ತು. ತಳ್ಳಿದ್ದು ಅವಳೇ, ತಳ್ಳಿದ ನೆನಪು ಮಾತ್ರ ಅವಳಿಗಿರಲಿಲ್ಲ.

ಆಗ ಆ ಬೆಳಗು ಪೂರ್ತಿಯಾಗಿ ಎದುರಿಗೆ ಬಂತು. ಎರಡೂ ಕೈಯಲ್ಲಿ ಬಕೆಟ್. ಬಚ್ಚಲ ಬಾಗಿಲ ಕೆಳಗೆ ಅವಳ ಚಪ್ಪಲಿ. ಅವನು ನಿಂತು ನೋಡುತ್ತಿದ್ದದ್ದು ತನ್ನ ಕಾಲನ್ನು.

ಕಂಬಳಿಗಳನ್ನು ಮೇಜಿನ ಮೇಲೆ ಹಾಕಿ ಅವಳು ನೇರ ಹೋಗಿ ಗಂಟು ಹತ್ತಿದಳು. ರಫೂ ಅಕ್ಕ ಮುಖ ಆಚೆ ತಿರುಗಿಸಿದಳು.

"ನಾನು ಸೋತೆ ಅನ್ನಲ್ಲ," ಎಂದಳು ಅತ್ತಿಗೆ. "ಇಟ್ಟಿಗೆ ತಳ್ಳುವಾಗ ಅವನು ಇಟ್ಟಿಗೆ ಕಡೆ ನೋಡಿದ್ನಾ?"

ಮೂವರೂ ಯೋಚಿಸಿದರು. ಇಲ್ಲ, ಮೆಟ್ಟಿಲ ಕಡೆ ನೋಡುತ್ತಿದ್ದ ಎಂದ ಪುರಾಣ.

"ಬೇಕಂತ ಮಾಡಿದ್ರೆ ನೋಡಿ ಮಾಡ್ತಿದ್ದ. ಐಸ್ ಕೋಣೆಗೂ ಚಿಲಕ ಹೊರಗಡೇನೇ ಇರುತ್ತೆ. ಹದಿನೈದು ವರ್ಷ ಅಲ್ಲಿ ಗಡ್ಡೆ ಹೊತ್ತವನು ಅವನು, ಕೈ ತುಂಬ ಗಡ್ಡೆ ಇರುತ್ತೆ, ಒಳಗೆ ಇನ್ನೊಬ್ಬ ಇರ್ತಾನೆ. ಕಾಲು ತಾನಾಗೇ ತಳ್ಳುತ್ತೆ. ಊರನ್ನೇ ಕೊಂದ, ಆದ್ರೆ ಒಳಗೆ ಆಳು ಇರುವಾಗ ಬಾಗಿಲು ಹಾಕೋದು ಅವನ ಕಾಲಿಗೆ ಗೊತ್ತಿಲ್ಲ."

"ಅವನೇ ಹೇಳಿದ್ನಲ್ಲ ಅತ್ತಿಗೆ, ಬೇಕಂತಲೇ ಬಿಟ್ಟೆ ಅಂತ," ಎಂದ ಬಾಯ್ಲರಿನವನು, ಮೆತ್ತಗೆ.

"ಅದು ಆಮೇಲೆ ಕಟ್ಟಿಕೊಂಡ ಕಾರಣ. ಯಾಕೆ ಮಾಡಿದೆ ಅಂತ ಅವನಿಗೂ ಗೊತ್ತಿಲ್ಲ. ಖಳ ಅನ್ನಿಸ್ಕೊಂಡವನು ರೂಢಿ ಅಂತ ಹೇಳೋಕಾಗುತ್ತಾ? ಅವತ್ತು ಇವರು ಹೇಳೋಕೆ ಬಂದಿದ್ದು ಇದೇ. ಬೆಣೆ."

ಬಾಯ್ಲರಿನವನು ಒಣಕೋಣೆಯ ಕಡೆ ನೋಡಿದ. ಬಾಗಿಲು ಗೇಣಷ್ಟು ತೆರೆದಿತ್ತು. ಅವಳಿಗೆ ಕೈ ಕೊಟ್ಟು ಇಳಿಸಿ, ತಾನು ಗಂಟು ಹತ್ತಿದ.

"ನಾನು ಸೋತೆ," ಎಂದ. "ನಾನು ಸೋತೆ." ಮೂರನೆಯದನ್ನು ಅವನು ಹೇಳಿದ್ದು ಅಣ್ಣ ನಿಲ್ಲುತ್ತಿದ್ದ ಜಾಗಕ್ಕೆ; ಅದು ಅರ್ಧಕ್ಕೇ ನಿಂತಿತು.

ಅತ್ತಿಗೆಗೆ ಖುಷಿಯಾಗಬೇಕಿತ್ತು. ಐದು ತಿಂಗಳು ಹುಡುಕಿದ್ದು ಸಿಕ್ಕಿತ್ತು. ಅಷ್ಟೇ ಸಣ್ಣದು, ಅವನು ಹೇಳಿದಷ್ಟೇ. ಹೇಳಲು ಒಂದು ನಿಮಿಷವೂ ಬೇಡ, ಕೇಳಿದ್ದರೆ ಅವಳೂ ನಗುತ್ತಿದ್ದಳು. ಅವಳು ಮಾಸಿದ ಶೀಟುಗಳ ಮೇಲೇ ಕುಳಿತಳು. ಅಳು ಬಂತು. ಬಂದದ್ದು ನಿಲ್ಲಲಿಲ್ಲ.

ರಫೂ ಅಕ್ಕ ಪಕ್ಕಕ್ಕೆ ಬಂದು ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. ಏನಾಯ್ತೇ ನಿನಗೆ, ಗೆದ್ದೆಯಲ್ಲೇ ಎಂದಳು.

"ಅವತ್ತು ನೀರು ನಿಲ್ಲಲೇ ಇಲ್ಲ ಅಕ್ಕ," ಎಂದಳು ಅತ್ತಿಗೆ. "ಮಧ್ಯಾಹ್ನದವರೆಗೂ ಬಂತು."